ಬೋಸಾನುಗಳ ಗಣಕ: ಒಂದು ಚಾರಿತ್ರಿಕ ವಿವೇಚನೆ

ಸಾಮಾನ್ಯ ಗಣಕಯಂತ್ರಕ್ಕೂ, ಕ್ವಾಂಟಂ ನಿಯಮಗಳನ್ನು ಸಂಪೂರ್ಣವಾಗಿ ಉಪಯೋಗಿಸಿಕೊಳ್ಳುವ ಗಣಕಕ್ಕೂ ನಡುವೆ ಒಂದೇ ಗೆರೆಯಿರುವುದೆಂದು ಭಾವಿಸುವುದುಂಟು. ಗೆರೆಯಿರಬೇಕಾದ ಎಡೆಯಲ್ಲಿ ವಿಶಾಲವಾದೊಂದು ಸೀಮೆಯೇ ಹಬ್ಬಿರುವುದನ್ನು ಈಚಿನ ದಶಕಗಳ ಶೋಧನೆಗಳು ತೋರಿಸಿಕೊಟ್ಟಿವೆ. ಆ ಸೀಮೆಯ ಯಂತ್ರಗಳಲ್ಲಿ ಬಹಳ ಚರ್ಚೆಗೆ ಪಾತ್ರವಾದುದು ಭಾರತೀಯ ವಿಜ್ಞಾನಿಯೊಬ್ಬರ ಹೆಸರನ್ನು ಧರಿಸಿರುವುದು.

೧೯೨೪ರಲ್ಲಿ ಢಾಕಾ ವಿಶ್ವವಿದ್ಯಾನಿಲಯದ ಸತ್ಯೇಂದ್ರನಾಥ ಬೋಸರು, ಬೆಳಕಿನ ಕಣಗಳನ್ನು ಒಂದರಿಂದೊಂದು ಗುರುತಿಸಲಾಗದವೆಂದು ಗ್ರಹಿಸಿ ಎಣಿಸುವ ಕ್ರಮವನ್ನು ಐನ್‌ಸ್ಟೈನರಿಗೆ ಬರೆದು ಕಳುಹಿಸಿದರು. ಐನ್‌ಸ್ಟೈನರು ಅದನ್ನು ತಾವೇ ಜರ್ಮನ್ ಭಾಷೆಗೆ ತಿರುಗಿಸಿ ಪ್ರಕಟಿಸಿದರು. ಆ ಕ್ರಮಕ್ಕೆ ಒಳಪಟ್ಟ ಕಣಗಳಿಗೆ ಡಿರಾಕರು ಮುಂದೆ ಬೋಸಾನ್ ಎಂದು ಹೆಸರಿಟ್ಟರು. ಇಲೆಕ್ಟ್ರಾನು ಮೊದಲಾದುವು ಫರ್ಮಿಯಾನುಗಳು.

ಈ ಎರಡು ಕುಲಗಳ ಭೇದವು ಗಣಿತದಲ್ಲಿ ಕೇವಲ ಚಿಹ್ನೆಯ ಭೇದ. ಚೌಕವಾಗಿ ಜೋಡಿಸಿದ ಸಂಖ್ಯೆಗಳಲ್ಲಿ ಪ್ರತಿ ಸಾಲಿನಿಂದಲೂ ಪ್ರತಿ ಕಂಬದಿಂದಲೂ ಒಂದೊಂದನ್ನೇ ಆರಿಸಿ ಗುಣಿಸಿ, ಇಂತಹ ಎಲ್ಲ ಗುಣಲಬ್ಧಗಳನ್ನೂ ಕೂಡಿಸಬೇಕು. ಅರ್ಧಕ್ಕೆ ಋಣಚಿಹ್ನೆಯನ್ನು ನಿಯಮದಂತೆ ಕೊಟ್ಟರೆ ಅದು ನಿರ್ಧಾರಕ. ಎಲ್ಲಕ್ಕೂ ಧನಚಿಹ್ನೆಯಾದರೆ ಪರ್ಮನೆಂಟ್. ಪರಸ್ಪರ ತಾಗದ ಫರ್ಮಿಯಾನುಗಳ ನಡೆಗೆ ಮೊದಲನೆಯದೂ ಬೋಸಾನುಗಳ ನಡೆಗೆ ಎರಡನೆಯದೂ ಆಧಾರ. ಹತ್ತು ಸಾಲುಗಳ ಚೌಕದಲ್ಲಿಯೇ ೩೬,೨೮,೮೦೦ ಗುಣಲಬ್ಧಗಳುಂಟು. ಸಾಲಿನಿಂದ ಸಾಲನ್ನು ಕಳೆಯುವ ಉಪಾಯದಿಂದ ನಿರ್ಧಾರಕವು ಬೇಗನೆ ದೊರೆಯುವುದು. ಪರ್ಮನೆಂಟಿಗೆ ಆ ಉಪಾಯ ಸಲ್ಲದು. ಎಣಿಕೆಯ ಸಮಸ್ಯೆಗಳಲ್ಲಿ ಅತಿಕಠಿನವಾದುವುಗಳ ಪಂಕ್ತಿಗೆ ಅದು ಸೇರುವುದೆಂದು ಲೆಸ್ಲಿ ವೇಲಿಯಂಟರು ೧೯೭೯ರಲ್ಲಿ ಸಾಧಿಸಿದರು.

ಬೆಳಕಿನ ಕಣಗಳು, ಅರೆಗನ್ನಡಿಗಳು, ನಡುನಡುವೆ ಅಳತೆಮಾಡಿ ಮುಂದಿನ ಜೋಡಣೆಯನ್ನು ಬದಲಿಸುವ ಸೌಕರ್ಯ, ಇಷ್ಟಿದ್ದರೆ ಪೂರ್ಣ ಕ್ವಾಂಟಂ ಗಣಕವು ಸಾಧ್ಯವೆಂದು ನಿಲ್, ಲಾಫ್ಲಾಮ್, ಮಿಲ್ಬರ್ನ್ ಎಂಬವರು ೨೦೦೧ರಲ್ಲಿ ತೋರಿಸಿದ್ದರು. ೨೦೧೧ರಲ್ಲಿ ಅಮೆರಿಕದ ಆರನ್‌ಸನ್ ಮತ್ತು ಅರ್ಖಿಪೊವರು ಆ ಸೌಕರ್ಯವನ್ನೇ ತೆಗೆದುಹಾಕಿದರು. ಕಣಗಳನ್ನು ಒಳಬಿಟ್ಟು, ಅವು ಹೊರಬಿದ್ದ ಎಡೆಗಳನ್ನು ಗುರುತಿಸುವುದಷ್ಟೇ ಉಳಿಯಿತು. ಇಂತಹ ಯಂತ್ರವು ಪರ್ಮನೆಂಟಿನ ಬೆಲೆಯನ್ನು ಹೇಳದು. ಅದು ವಿಧಿಸುವ ಸಂಭವಕ್ಕನುಸಾರವಾಗಿ ಮಾದರಿಗಳನ್ನು ಮಾತ್ರ ಕೊಡುವುದು. ಸರ್ವಕಾರ್ಯಸಮರ್ಥವೆಂದೂ ಅದನ್ನು ಎಣಿಸಲಾಗದು. ಆದರೂ ಸಾಮಾನ್ಯ ಗಣಕವು ಅದನ್ನು ಯಥಾವತ್ತಾಗಿ, ಶೀಘ್ರವಾಗಿ ಅನುಕರಿಸಬಲ್ಲುದಾದರೆ, ಗಣನಶಾಸ್ತ್ರಜ್ಞರು ದೃಢವೆಂದು ನಂಬಿದ ಕಾಠಿನ್ಯದ ಸೋಪಾನವೇ ಕುಸಿಯುವುದೆಂದು ಅವರು ಸಾಧಿಸಿದರು.

೨೦೨೦ರಲ್ಲಿ ಚೀನದ ಹೆಫೆಯ ವಿಜ್ಞಾನಿಗಳು ಈ ತತ್ತ್ವದ ರೂಪಾಂತರವೊಂದನ್ನು ಪ್ರಯೋಗಿಸಿ, ೭೬ ಕಣಗಳವರೆಗೆ ಗುರುತಿಸಿದರು. ಯಂತ್ರಕ್ಕೆ ಅವರಿಟ್ಟ 'ಜಿಯುಝಾಂಗ್' ಎಂಬ ಹೆಸರು ಅಲ್ಲಿಯ ಪ್ರಾಚೀನ ಗಣಿತಗ್ರಂಥದ್ದು. ನಿರ್ಧಾರಕವನ್ನು ಸುಲಭಗೊಳಿಸುವ ಆ ಕಳೆಯುವ ಉಪಾಯದ ಪೂರ್ವರೂಪವು ಅದೇ ಗ್ರಂಥದಲ್ಲಿರುವುದು ಸೋಜಿಗವೇ ಸರಿ.

ಆದರೆ ವಾದವು ಅಲ್ಲಿಗೆ ಮುಗಿಯಲಿಲ್ಲ. ದಾರಿಯಲ್ಲಿ ಕಣಗಳು ನಷ್ಟವಾದಷ್ಟೂ ಅನುಕರಣವು ಸುಲಭವಾಗುವುದು. ಇದನ್ನಾಧರಿಸಿ, ಇಂತಹ ದೊಡ್ಡ ಪ್ರಯೋಗಗಳನ್ನು ಸಾಮಾನ್ಯ ಗಣಕಗಳಿಂದಲೇ ಅನುಕರಿಸುವ ಕ್ರಮವೊಂದು ೨೦೨೪ರಲ್ಲಿ ಪ್ರಕಟವಾಯಿತು. ಕಣಗಳನ್ನು ಕಾಪಾಡುವ ಕಲೆಯು ಬೆಳೆದಂತೆ ಎಲ್ಲೆಯು ಒಂದು ಕಡೆಗೂ, ಲೆಕ್ಕದ ಹೊಸ ಉಪಾಯವು ಹೊಳೆದಂತೆ ಮತ್ತೊಂದು ಕಡೆಗೂ ಸರಿಯುತ್ತಿರುವುದು. ಕಣಗಳ ಕಾಲದಲ್ಲಾಗಲಿ ಬಣ್ಣದಲ್ಲಾಗಲಿ ಭೇದವು ತಲೆದೋರಿದರೂ ಯಂತ್ರವು ಸಾಮಾನ್ಯದ ಕಡೆಗೆ ಜಾರುವುದು. ಢಾಕೆಯಲ್ಲಿ ಬೋಸರು ಎತ್ತಿ ತೋರಿದ ಆ ಅಭೇದವನ್ನು ಎಷ್ಟರಮಟ್ಟಿಗೆ ಉಳಿಸಿಕೊಳ್ಳಬಲ್ಲುದೋ ಅಷ್ಟರಮಟ್ಟಿಗೇ ಅದಕ್ಕೆ ನಡುಸೀಮೆಯಲ್ಲಿ ನೆಲೆ.