ಬೀಜವಿಲ್ಲದ ಕನಕಾಂಬರ ಊರೂರು ಸುತ್ತಿದ ಕಥೆ

ನಿಮ್ಮ ಹಿತ್ತಲಲ್ಲೋ ಹೊಲದ ಬದುವಲ್ಲೋ ಡೆಲ್ಲಿ ಕನಕಾಂಬರದ ಗಿಡ ಇದ್ದರೆ ಇವತ್ತು ಸಂಜೆ ಒಂದು ಕೆಲಸ ಮಾಡಿ. ಒಣಗಿದ ತೆನೆಯೊಂದನ್ನು ಕಿತ್ತು ಅಂಗೈಯಲ್ಲಿ ಉಜ್ಜಿ, ಬೀಜ ಹುಡುಕಿ. ಸಿಗುವುದಿಲ್ಲ. ಹಳೆಯ ನಾಟಿ ಕನಕಾಂಬರದಲ್ಲಿ ಬೀಜ ಇರುತ್ತದೆ. ಅದರ ಒಣಗಿದ ಕಾಯಿಗೆ ನೀರು ಸೋಕಿದರೆ ಪಟ್ ಎಂದು ಸಿಡಿಯುತ್ತದೆ. ಚಿಕ್ಕವರಿದ್ದಾಗ ನಾವು ಎಂಜಲು ಹಚ್ಚಿ ಸಿಡಿಸಿ ಆಡಿದವರೇ. ಡೆಲ್ಲಿ ಕನಕಾಂಬರದಲ್ಲಿ ಆ ಆಟ ನಡೆಯುವುದಿಲ್ಲ. ಹೂವು ದಪ್ಪ, ಬಣ್ಣ ಗಾಢ, ಮಾರ್ಕೆಟ್ಟಿನಲ್ಲಿ ಬೆಲೆ ಚೆನ್ನ, ಆದರೆ ಕಾಯಿ ಕಟ್ಟುವುದಿಲ್ಲ.

ಕಾರಣ ಸರಳ. ಸಾಮಾನ್ಯ ಗಿಡದ ಜೀವಕೋಶದಲ್ಲಿ ವರ್ಣತಂತುಗಳು ಎರಡು ಕಟ್ಟು ಇರುತ್ತವೆ, ತಂದೆಯದೊಂದು, ತಾಯಿಯದೊಂದು. ಡೆಲ್ಲಿ ಕನಕಾಂಬರದಲ್ಲಿ ಮೂರು ಕಟ್ಟು. ಮೂರನ್ನು ಸಮಪಾಲು ಮಾಡಲಾಗದೆ ಬೀಜ ಕೂರುವುದಿಲ್ಲ. ನಾವು ತಿನ್ನುವ ಬಾಳೆಹಣ್ಣಿನಲ್ಲಿ ಬೀಜ ಇಲ್ಲದಿರುವುದಕ್ಕೂ ಇದೇ ಕಾರಣ. ಹಾಗಾಗಿ ಈ ಕನಕಾಂಬರ ಹೆಚ್ಚಬೇಕಾದರೆ ಯಾರಾದರೂ ಕುಡಿ ಕಡ್ಡಿ ಮುರಿದು ಇನ್ನೊಂದು ಕಡೆ ನೆಡಲೇಬೇಕು. ಗಾಳಿ ಒಯ್ಯಲಾರದು, ಹಕ್ಕಿ ಒಯ್ಯಲಾರದು. ಮಾಲೂರಿನ ಗಿಡ ಮುಳಬಾಗಿಲಿನ ಹಳ್ಳಿಯಲ್ಲಿದ್ದರೆ, ಯಾರೋ ಒಬ್ಬರು ಕೈಯಲ್ಲಿ ಹಿಡಿದು ತಂದಿದ್ದಾರೆ ಎಂದೇ ಅರ್ಥ.

ಯಾರು ತಂದರು? ಈ ಪ್ರಶ್ನೆ ಹಿಡಿದು ನಾವು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಬಸ್ಸು ಹತ್ತಿ ಇಳಿದೆವು. (ಕಾಲಂ ಲೆಕ್ಕದಲ್ಲಿ ಸಂಭಾವನೆ ಪಡೆಯುವ ನಮಗೆ ಬಸ್ ಚಾರ್ಜು ಗಿಟ್ಟಲಿಲ್ಲ, ಆ ಮಾತು ಬೇರೆ.)

ಪುಸ್ತಕದ ಇತಿಹಾಸದಲ್ಲಿ ಗಿಡ ಹೊತ್ತು ತಂದವರ ಹೆಸರು ಬೇಕಾದಷ್ಟಿವೆ, ಅದರಲ್ಲಿ ಮೊದಲನೆಯವರು ನಮ್ಮ ಜಿಲ್ಲೆಯವರೇ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿ 1760ರಲ್ಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ಶುರು ಮಾಡಿಸಿದರು. ಸಿರಾದ ಮೊಗಲ್ ತೋಟ ನೋಡಿ ಆಸೆಪಟ್ಟು ಮಾಡಿಸಿದ ತೋಟ ಅದು. ಗಿಡಗಳು ದೆಹಲಿ, ಲಾಹೋರ್, ಮುಲ್ತಾನ್‌ಗಳಿಂದ ಬಂದವು. ಅವರ ತಂದೆ ಫತೇ ಮಹಮ್ಮದರ ಸಮಾಧಿ ಇವತ್ತಿಗೂ ಕೋಲಾರದ ಮಖ್ಬರಾದಲ್ಲಿದೆ. 1782ರಲ್ಲಿ ಹೈದರ್ ತೀರಿಕೊಂಡಾಗ ಅವರ ದೇಹವನ್ನೂ ಮೊದಲು ಅಲ್ಲಿಗೇ ತಂದಿದ್ದು, ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. ಮಗ ಟಿಪ್ಪು 1787ರಲ್ಲಿ ಫ್ರಾನ್ಸಿನ ದೊರೆಯ ಬಳಿಗೆ ಕಳಿಸಿದ ರಾಯಭಾರಿಗಳು ಕೇಳಿದ್ದು ಬರೀ ಸೈನ್ಯವನ್ನಲ್ಲ, ಹೂವಿನ ಬೀಜ ಮತ್ತು ತೋಟಗಾರರನ್ನೂ ಕೇಳಿದ್ದರು.

ಆಮೇಲೆ ಬಂದವರು ಬ್ರಿಟಿಷರು, ಅವರ ಜೊತೆ ಜಾನ್ ಕ್ಯಾಮರೂನ್. ಇವತ್ತು ನಾವು ಸಾಂಬಾರಿಗೆ ಹಾಕುವ ಸೀಮೆಬದನೆ ಇಲ್ಲಿಗೆ ಬಂದದ್ದು ಅವರ ಮೂಲಕ ಎನ್ನುತ್ತಾರೆ. 1908ರಲ್ಲಿ ಜರ್ಮನಿಯ ಗುಸ್ತಾವ್ ಕ್ರುಂಬಿಗಲ್ ಲಾಲ್‌ಬಾಗ್ ವಹಿಸಿಕೊಂಡರು. ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡಾ ಮಹಾರಾಜರ ತೋಟ ನೋಡಿಕೊಂಡು ಇಲ್ಲಿಗೆ ಬಂದವರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿ ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವ ಹಾಗೆ ನೆಡಿಸಿದ್ದು ಅವರ ಲೆಕ್ಕಾಚಾರ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ನಂತರ ಎಚ್.ಸಿ. ಜವರಾಯ, ಆಮೇಲೆ ಎಂ.ಎಚ್. ಮರಿಗೌಡ. ಈ ಮರಿಗೌಡರು 1963ರಲ್ಲಿ ತೋಟಗಾರಿಕೆ ಇಲಾಖೆ ಪ್ರತ್ಯೇಕವಾದಾಗ ಅದರ ನಿರ್ದೇಶಕರಾದರು. ರಾಜ್ಯದ ಉದ್ದಗಲಕ್ಕೂ 300ಕ್ಕೂ ಹೆಚ್ಚು ತೋಟಗಾರಿಕಾ ಕ್ಷೇತ್ರ, ನರ್ಸರಿಗಳು ಎದ್ದದ್ದು ಅವರ ಕಾಲದಲ್ಲಿ. ಸರ್ಕಾರಿ ನರ್ಸರಿಯಿಂದ ಗಿಡ ತಂದು ನೆಟ್ಟ ತಾತನ ಕಥೆ ನಿಮ್ಮ ಮನೆಯಲ್ಲೂ ಇರಬಹುದು.

ಇವರೆಲ್ಲರ ಹೆಸರೂ ಕಲ್ಲಿನಲ್ಲಿದೆ, ಪುಸ್ತಕದಲ್ಲಿದೆ. ಆದರೆ ಗಿಡ ಬದುಕಿಸಿದ ಕೈಗಳ ಹೆಸರು ಎಲ್ಲಿದೆ? ಲಾಲ್‌ಬಾಗಿನ ಮಣ್ಣು ಅಗೆದವರಲ್ಲಿ ತಿಗಳ ಸಮುದಾಯದವರು ಎಷ್ಟೋ ಮಂದಿ. ಹೂವು ತರಕಾರಿಯಲ್ಲಿ ಪಳಗಿದ ಕೈ ಅವರದು. ಬೆಂಗಳೂರಿನ ಹಾಗೆ ಮಾಲೂರು, ಕೋಲಾರದಲ್ಲೂ ಕರಗ ಹೊರುವ ಜನ ಅವರು. ಕರಗಕ್ಕೆ ನೆಂಟರ ಊರಿಗೆ ಹೋಗುವುದು, ಬರುವಾಗ ಒಂದು ಹಿಡಿ ಬೀಜವೋ ಒಂದು ಕಟ್ಟು ಕಡ್ಡಿಯೋ ತರುವುದು, ಇದನ್ನು ಯಾವ ಗೆಜೆಟಿಯರ್ ಬರೆದಿಟ್ಟಿದೆ? ಮಾಲೂರಿಗೆ ಮೊದಲು ಮಲ್ಲಿಕಾಪುರ ಎಂಬ ಹೆಸರಿತ್ತು ಎನ್ನುತ್ತಾರೆ. ಆ ಮಲ್ಲಿಗೆ ಬೆಳೆದವರ ಹೆಸರೂ ಉಳಿದಿಲ್ಲ.

ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ನಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಅವರ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಆ ಕಡೆ ಎಲ್ಲರ ಮನೆಯಲ್ಲೂ ಹಾಗೇ. "ಇದು ನಮ್ಮ ನಾದಿನಿ ಮಾಲೂರು ಕಡೆಯಿಂದ ತಂದಿದ್ದಪ್ಪ. ಗೌರಿ ಹಬ್ಬಕ್ಕೆ ಬಂದಾಗ ಒದ್ದೆ ಬಟ್ಟೇಲಿ ಸುತ್ಕೊಂಡು ಬಂದಿದ್ಲು. ಇದು ಆವನಿ ಜಾತ್ರೇಲಿ ಸಿಕ್ಕಿದ ಒಬ್ಬ ಅಕ್ಕ ಕೊಟ್ಟಿದ್ದು, ಅವಳ ಊರು ಯಾವುದೋ ಮರೆತೇ ಹೋಯ್ತು" ಎಂದು ಗಿಡಗಿಡಕ್ಕೂ ಒಬ್ಬೊಬ್ಬರ ನೆನಪು ಹೇಳಿದರು. ಒಂದು ಮೂಲೆಯ ಗಿಡದ ಮುಂದೆ ಮಾತ್ರ ನಕ್ಕು ಸುಮ್ಮನಾದರು. ಕದ್ದು ತಂದ ಗಿಡ ಚೆನ್ನಾಗಿ ಹತ್ತುತ್ತದೆ ಎಂಬ ಮಾತು ನಮ್ಮ ಕಡೆ ಇದೆಯಲ್ಲ, ಅದು ಆ ಲೆಕ್ಕದ್ದು ಇರಬೇಕು.

ನಾದಿನಿ ತೀರಿಕೊಂಡು ಎಷ್ಟೋ ವರ್ಷವಾಯಿತಂತೆ. ಗಿಡ ಇದೆ. ಅದು ಆಕೆ ತಂದ ಗಿಡದ ಮಗುವಲ್ಲ, ಮೊಮ್ಮಗುವೂ ಅಲ್ಲ. ಕಡ್ಡಿಯಿಂದ ಬಂದದ್ದು ಅದೇ ಗಿಡವೇ.

ಇಂಥದೇ ಕಥೆ ಅಮೆರಿಕದಲ್ಲೂ ಇದೆ, ಓದಿ ನಮಗೆ ಆಶ್ಚರ್ಯವಾಯಿತು. ಡೇಲಿಲಿ ಎಂಬ ಹೂವು. ಬೆಳಿಗ್ಗೆ ಅರಳಿದ್ದು ಸಂಜೆಗೆ ಬಾಡುತ್ತದೆ, ಅದಕ್ಕೇ ಆ ಹೆಸರು. ಮೂಲ ಚೀನಾ, ಜಪಾನ್ ಕಡೆ. ಚೀನಾದವರು ಅದರ ಮೊಗ್ಗು ಒಣಗಿಸಿ ಅಡುಗೆಗೆ ಹಾಕುತ್ತಾರೆ. ಅದರಲ್ಲಿ ಯುರೋಪಾ ಎಂಬ ಕಿತ್ತಳೆ ಬಣ್ಣದ ಒಂದು ಬಗೆಗೆ ಡೆಲ್ಲಿ ಕನಕಾಂಬರದ ಹಾಗೇ ಮೂರು ಕಟ್ಟು ವರ್ಣತಂತು, ಬೀಜ ಕೂರುವುದಿಲ್ಲ. ಆದರೂ ಶತಮಾನಗಳಿಂದ ಯುರೋಪಿನಲ್ಲಿತ್ತು, ಅಲ್ಲಿಂದ ಅಮೆರಿಕದ ಬೇಲಿಸಾಲಿಗೂ ಹೋಗಿತ್ತು. ಅವೆಲ್ಲ ಒಂದೇ ಗಿಡದ ಮರಿಗಳು ಎಂದು ತೋರಿಸಿದವರು ನ್ಯೂಯಾರ್ಕ್ ಸಸ್ಯತೋಟದ ವಿಜ್ಞಾನಿ ಆರ್ಲೋ ಸ್ಟೌಟ್. 1934ರಲ್ಲಿ ಡೇಲಿಲಿ ಬಗ್ಗೆ ಪುಸ್ತಕವನ್ನೇ ಬರೆದರು.

ಅಲ್ಲಿ ಗಿಡ ಹರಡಿಸಿದವರಲ್ಲೂ ಮನೆ ಹೆಂಗಸರು ಬಹಳ. ಅವರದೊಂದು ಪದ್ಧತಿ ಇತ್ತು, ನಮ್ಮ ಹೆಂಗಸರ ಚೀಟಿ ವ್ಯವಹಾರದ ಹಾಗೆ ಸರದಿಯಲ್ಲಿ ಸುತ್ತುವ ಕಾಗದದ ಕಟ್ಟು. ಒಬ್ಬಾಕೆ ತನ್ನ ತೋಟದ ಸಮಾಚಾರ ಬರೆದು ಎರಡನೆಯವಳಿಗೆ ಅಂಚೆಗೆ ಹಾಕುತ್ತಾಳೆ. ಎರಡನೆಯವಳು ತನ್ನದೊಂದು ಸೇರಿಸಿ ಮೂರನೆಯವಳಿಗೆ. ಕಟ್ಟು ಸುತ್ತಿ ಬಂದಾಗ ಮೊದಲನೆಯವಳು ತನ್ನ ಹಳೇ ಕಾಗದ ತೆಗೆದು ಹೊಸದು ಇಡುತ್ತಾಳೆ. ಡೇಲಿಲಿಯ ಬೇರು ಗಟ್ಟಿ, ಮಣ್ಣು ಒದರಿ ಪಾರ್ಸೆಲ್ ಮಾಡಿದರೂ ಸಾಯದು. ಹಾಗಾಗಿ ಕಾಗದದ ಹಿಂದೆ ಗಿಡವೂ ಹೋಗುತ್ತಿತ್ತು. 1946ರ ಜುಲೈನಲ್ಲಿ ಅಯೋವಾ ರಾಜ್ಯದ ಶೆನಂಡೋವಾ ಎಂಬ ಸಣ್ಣ ಊರಲ್ಲಿ ಇಂಥವರೆಲ್ಲ ಮೊದಲ ಬಾರಿಗೆ ಸಭೆ ಸೇರಿದರು. ಆ ಊರಿನ ರೇಡಿಯೋದಲ್ಲಿ ತೋಟದ ಕಾರ್ಯಕ್ರಮ ನಡೆಸುತ್ತಿದ್ದ ಹೆಲೆನ್ ಫೀಲ್ಡ್ ಫಿಷರ್ ಕರೆದದ್ದಕ್ಕೆ ಬಂದವರು. ಕೈಬರಹದಿಂದಲೇ ಪರಿಚಯವಿದ್ದವರು ಅಂದು ಮುಖ ನೋಡಿರಬೇಕು. ಅಲ್ಲಿ ಹುಟ್ಟಿದ ಸಂಘವೇ ಈಗ ಜಗತ್ತಿನ ಡೇಲಿಲಿ ತಳಿಗಳ ಪಟ್ಟಿ ಇಡುತ್ತದೆ, ಇದುವರೆಗೆ 80,000ಕ್ಕೂ ಹೆಚ್ಚು. ಯಾವ ತಳಿ ಯಾರು ಮಾಡಿದ್ದು ಎಂಬುದು ಅದರಲ್ಲಿದೆ.

ನಮ್ಮ ಅಜ್ಜಿಯ ಪಟ್ಟಿ ಅವರ ತಲೆಯೊಳಗೇ ಇದೆ.

ಈಗ ಬೇಸರದ ವಿಷಯಕ್ಕೆ ಬರೋಣ. ಒಂದೇ ಗಿಡದ ತುಂಡುಗಳಾದ್ದರಿಂದ ಡೆಲ್ಲಿ ಕನಕಾಂಬರದಲ್ಲಿ ಒಂದಕ್ಕೆ ತಡೆಯದ ರೋಗ ಇನ್ನೊಂದಕ್ಕೂ ತಡೆಯದು. ಸೊರಗು ರೋಗ ಬಂದರೆ ಸಾಲುಸಾಲೇ ಒಣಗುತ್ತದೆ. ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳು ಕಣ್ಣಿಗೇ ಕಾಣುವುದಿಲ್ಲ, ಬೇರಿನ ಮಣ್ಣಿನ ಜೊತೆ ಊರು ಬದಲಿಸುತ್ತದೆ. ಪ್ರೀತಿಯಿಂದ ಬೇರು ಸಮೇತ ಕಿತ್ತುಕೊಟ್ಟ ಗಿಡವೇ ನೆಂಟರ ತೋಟ ಹಾಳು ಮಾಡಬಹುದು. ಅದಕ್ಕೇ ಬಲ್ಲವರು ಹೇಳುವುದು, ಬೇರು ಕೊಡಬೇಡಿ, ಕುಡಿ ಕೊಡಿ ಎಂದು. ರೋಗವಿಲ್ಲದ ಗಿಡದಿಂದ ಎರಡು ಮೂರು ಗೆಣ್ಣಿನ ಎಳೆ ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಶುದ್ಧ ಮರಳಿನಲ್ಲೋ ತೆಂಗಿನ ನಾರಿನ ಪುಡಿಯಲ್ಲೋ ನೆರಳಲ್ಲಿಟ್ಟರೆ ತಿಂಗಳೊಳಗೆ ಬೇರು ಬಿಡುತ್ತದೆ.

ಇನ್ನೊಂದು ಭಯ ಪಾಲಿಹೌಸಿನಿಂದ ಬಂದದ್ದು. ಅಲ್ಲಿ ಬೆಳೆಯುವ ವಿದೇಶಿ ರೋಜಾ ತಳಿಗಳಿಗೆ ತಳಿ ಮಾಡಿದ ಕಂಪನಿಗೆ ಗಿಡಕ್ಕೆ ಇಷ್ಟು ಎಂದು ರಾಯಲ್ಟಿ ಕಟ್ಟುತ್ತಾರೆ. ಅದನ್ನು ಕೇಳಿದ ಮಾಲೂರು ಕಡೆಯ ಒಬ್ಬ ಹುಡುಗ ನಮ್ಮನ್ನು ಕೇಳಿದ, "ಅಣ್ಣಾ, ಹಂಗಾದ್ರೆ ನಾಳೆ ಪಕ್ಕದ ಮನೆಗೆ ಒಂದು ಕಡ್ಡಿ ಕೊಟ್ರೂ ಕೇಸಾ?" ಎಂದು. ಅಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಸೆಕ್ಷನ್ ರೈತನ ಪರವಾಗಿದೆ. ತನ್ನ ಬೆಳೆಯ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಬಹುದು. ನೋಂದಾಯಿತ ತಳಿಯ ಬೀಜವನ್ನು ಬ್ರಾಂಡ್ ಹಾಕಿ ಮಾರುವ ಹಾಗಿಲ್ಲ, ಅಷ್ಟೇ. ಈ ಸಾಲನ್ನು ಪಂಚಾಯ್ತಿ ಆಫೀಸಿನ ಗೋಡೆಗೆ ಬರೆಸಬೇಕು ಎಂಬುದು ನಮ್ಮ ಅಭಿಪ್ರಾಯ.

ಅಜ್ಜಿ ನಮಗೂ ಐದು ಕುಡಿ ಕೊಟ್ಟರು, ನಾದಿನಿಯ ಗಿಡದ್ದೇ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಪಟ್ಟೆ ಕಟ್ಟಿ. ಕೋಲಾರದಲ್ಲಿ ಬಸ್ಸು ಬದಲಿಸಿ ಶ್ರೀನಿವಾಸಪುರದ ಗೆಳೆಯನ ಮನೆಗೆ ತಲುಪಿಸಿದೆವು. ಅವನ ಅಮ್ಮ ಒಡೆದ ಬಿಂದಿಗೆಗೆ ಮರಳು ತುಂಬಿ ಮಾವಿನ ಮರದ ನೆರಳಲ್ಲಿ ನೆಟ್ಟರು. ಮೂರು ಒಣಗಿದವು. ಎರಡು ಚಿಗುರಿವೆ. ನಮ್ಮ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ, ನಾದಿನಿಯ ಹೆಸರನ್ನೂ ಬರೆದಿಟ್ಟಿದ್ದೇವೆ.