ಬಟಾಣಿ ಎಂಬ ಅಡ್ಡಹೆಸರಿನ ಹುಡುಗ

ಕಳೆದ ಬೇಸಿಗೆಯ ರಜೆಗೆ ಬಂದಿದ್ದ ನನ್ನ ಮೊಮ್ಮಗಳು ದಿನವಿಡೀ ಜಪಾನಿನ ಕಾರ್ಟೂನು ಧಾರಾವಾಹಿಯೊಂದನ್ನು ನೋಡುತ್ತಿದ್ದಳು. ಹೆಸರು 'ನರುಟೊ'. ಕಿತ್ತಳೆ ಬಣ್ಣದ ಉಡುಪು ತೊಟ್ಟು ಊರೆಲ್ಲ ಕೇಳುವಂತೆ ಕೂಗಾಡುವ ಹುಡುಗನೊಬ್ಬ ಅದರ ನಾಯಕ. ಆದರೆ ಅವಳ ಮೆಚ್ಚಿನ ಪಾತ್ರ ಅವನಲ್ಲ, ಹಿನಾಟ ಎಂಬ ಹುಡುಗಿ. ಮಾತನಾಡಬೇಕಾಗಿ ಬಂದಾಗಲೆಲ್ಲ ಎರಡು ತೋರುಬೆರಳುಗಳ ತುದಿಯನ್ನು ಒಂದಕ್ಕೊಂದು ಒತ್ತಿಕೊಂಡು ತಲೆ ತಗ್ಗಿಸುವವಳು. "ನಿಮ್ಮ ಕಾಲದ ಕಥೆಗಳಲ್ಲಿ ಇಂಥವರು ಇರಲಿಲ್ಲವಾ ತಾತ?" ಎಂದು ಕೇಳಿದಳು. ಇದ್ದ, ನಮ್ಮ ಮೈಸೂರಿನವರೇ ಬರೆದ ಪುಸ್ತಕದಲ್ಲಿದ್ದ, ಅವನ ಹೆಸರು ಸ್ಯಾಮ್ಯುಯೆಲ್ ಎಂದೆ. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಆರ್. ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯ ಮೊದಲ ಪುಟಗಳಲ್ಲಿಯೇ ಸ್ವಾಮಿಯ ನಾಲ್ವರು ಗೆಳೆಯರ ಪರಿಚಯ ಬರುತ್ತದೆ. ಸೋಮು ತರಗತಿಯ ಮಾನಿಟರು. ಮಣಿ ತೋಳ್ಬಲದವನು. ಶಂಕರ ಎಲ್ಲ ಪ್ರಶ್ನೆಗೂ ಉತ್ತರ ಬಲ್ಲ ಮೇಧಾವಿ. ನಾಲ್ಕನೆಯವನೇ ಸ್ಯಾಮ್ಯುಯೆಲ್. ಗಾತ್ರದಲ್ಲಿ ಚಿಕ್ಕವನಾದ್ದರಿಂದ ಅವನಿಗೆ ಬಟಾಣಿ ಎಂಬ ಅಡ್ಡಹೆಸರು. ಇವನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲವೆಂದು ಲೇಖಕರೇ ಒಪ್ಪಿಕೊಳ್ಳುತ್ತಾರೆ. ಲೆಕ್ಕದಲ್ಲಿ ಸ್ವಾಮಿಯಷ್ಟೇ ದಡ್ಡ, ಸ್ವಾಮಿಯಷ್ಟೇ ಪುಕ್ಕಲ, ಎಲ್ಲದಕ್ಕೂ ಅಳುಕುವವನು. ಹಾಗಿದ್ದರೂ ಸ್ವಾಮಿಗೂ ಇವನಿಗೂ ನಡುವೆ ಬೇರೆ ಯಾರೊಂದಿಗೂ ಇಲ್ಲದ ನಂಟೊಂದಿತ್ತು, ನಗುವಿನ ನಂಟು. ಇತರರ ಕಣ್ಣಿಗೆ ಬೀಳದ ಕ್ಷುಲ್ಲಕ ಸಂಗತಿಯೊಂದು ಈ ಇಬ್ಬರಿಗೆ ಮಾತ್ರ ಏಕಕಾಲಕ್ಕೆ ಹಾಸ್ಯವಾಗಿ ಕಾಣುತ್ತಿತ್ತು.

ನಾರಾಯಣರು ಹುಟ್ಟಿದ್ದು 1906ರಲ್ಲಿ, ಮದರಾಸಿನಲ್ಲಿ. ಬಾಲ್ಯ ಕಳೆದದ್ದು ಪುರಸವಾಕ್ಕಂನ ಅಜ್ಜಿಯ ಮನೆಯಲ್ಲಿ. ಓದಿದ್ದು ಅಲ್ಲಿಯ ಲುಥೆರನ್ ಮಿಷನ್ ಶಾಲೆಯಲ್ಲಿ. ಕಾದಂಬರಿಯ ಆಲ್ಬರ್ಟ್ ಮಿಷನ್ ಶಾಲೆಗೂ, ಹಿಂದೂ ದೇವತೆಗಳನ್ನು ಹೀಗಳೆಯುವ ಎಬೆನೆಜರ್ ಮೇಷ್ಟ್ರಿಗೂ ಮೂಲ ಅಲ್ಲಿಯೇ ಇರಬೇಕು. ಸ್ಯಾಮ್ಯುಯೆಲ್ ಹೆಸರಿನಿಂದ ಕ್ರೈಸ್ತ ಬಾಲಕ. ಎಬೆನೆಜರ್ ಮೇಷ್ಟ್ರು ಮಾತಿನಲ್ಲಿ ಕಟ್ಟಿದ ಗೋಡೆ ಈ ಹುಡುಗರ ನಡುವೆ ಮಾತ್ರ ಏಳಲಿಲ್ಲ. ಲೇಖಕರೂ ಅದನ್ನೊಂದು ದೊಡ್ಡ ವಿಷಯವೆಂಬಂತೆ ಎತ್ತಿ ತೋರಿಸುವುದಿಲ್ಲ. ಈ ಮೌನ ನನಗೆ ಬಹಳ ಹಿಡಿಸಿದೆ.

ತಂದೆಯವರು ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರಾದುದರಿಂದ ನಾರಾಯಣರು ಮೈಸೂರಿಗೆ ಬಂದರು. ನನ್ನ ಶಿಷ್ಯರು ಗಮನಿಸಬೇಕಾದ ಸಂಗತಿಯೊಂದಿದೆ. ಹೆಡ್‌ಮಾಸ್ಟರರ ಈ ಮಗ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ ಒಂದು ವರ್ಷ ಮನೆಯಲ್ಲಿ ಕುಳಿತರು. ಆ ವರ್ಷವೆಲ್ಲ ಓದು, ಬರಹ, ಕುಕ್ಕನಹಳ್ಳಿ ಕೆರೆಯ ಏರಿ. ಮಹಾರಾಜಾ ಕಾಲೇಜಿನಲ್ಲಿ ಮೂರು ವರ್ಷದ ಬಿ.ಎ.ಗೆ ನಾಲ್ಕು ವರ್ಷ ತೆಗೆದುಕೊಂಡು 1930ರಲ್ಲಿ ಪದವೀಧರರಾದರು. ಚನ್ನಪಟ್ಟಣದ ಶಾಲೆಯೊಂದರಲ್ಲಿ ಉಪಾಧ್ಯಾಯರಾಗಿ ಸೇರಿ, ಕೆಲವೇ ದಿನಗಳಲ್ಲಿ ಕೈಬಿಟ್ಟು ಬಂದುಬಿಟ್ಟರು. (ನಮ್ಮ ವೃತ್ತಿಗಾದ ನಷ್ಟ ಎಷ್ಟೆಂದು ಹೇಳಲಾರೆ, ಸಾಹಿತ್ಯಕ್ಕಂತೂ ಲಾಭವಾಯಿತು.) ಅದೇ 1930ರ ವಿಜಯದಶಮಿಯಂದು ಬೆಂಗಳೂರಿನ ಅಜ್ಜಿಯ ಮನೆಯಲ್ಲಿ ಕುಳಿತು ಕಾದಂಬರಿ ಆರಂಭಿಸಿದರು. ಕಣ್ಣೆದುರಿಗೆ ಮೊದಲು ಮೂಡಿದ್ದು ಒಂದು ಪುಟ್ಟ ರೈಲ್ವೆ ನಿಲ್ದಾಣವಂತೆ. ಮಾಲ್ಗುಡಿ ಎಂಬ ಊರು ಹುಟ್ಟಿದ್ದು ಹಾಗೆ.

ಬರೆದು ಮುಗಿಸಿದ್ದನ್ನು ಪ್ರಕಟಿಸುವವರು ಯಾರೂ ಇರಲಿಲ್ಲ. ಹಸ್ತಪ್ರತಿ ಲಂಡನ್ನಿನ ಪ್ರಕಾಶಕರಿಂದ ಒಂದರ ಮೇಲೊಂದರಂತೆ ಹಿಂದಿರುಗಿತು. ಆಗ ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣರಿಗೆ ಪತ್ರ ಬರೆದು, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದರಂತೆ. ಪೂರ್ಣ ಎಸೆಯಲಿಲ್ಲ, ಗ್ರಹಾಂ ಗ್ರೀನ್‌ರ ಕೈಗೆ ಕೊಟ್ಟರು. ಗ್ರೀನ್ ಶಿಫಾರಸು ಮಾಡಿದರು, ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆ 1935ರ ಅಕ್ಟೋಬರಿನಲ್ಲಿ ಅದನ್ನು ಪ್ರಕಟಿಸಿತು.

ಸ್ಯಾಮ್ಯುಯೆಲ್ ವಿಚಾರಕ್ಕೆ ಮರಳುತ್ತೇನೆ. ಪೊಲೀಸ್ ಸೂಪರಿಂಟೆಂಡೆಂಟರ ಮಗ ರಾಜಂ ತರಗತಿಗೆ ಸೇರಿದ ಮೇಲೆ ಎಲ್ಲವೂ ಬದಲಾಗುತ್ತದೆ. ಅವನ ಇಂಗ್ಲಿಷು, ಅವನ ಪೋಷಾಕು, ಅವನ ಮನೆಯ ಆಟಿಕೆಗಳು ಎಲ್ಲವೂ ಸ್ವಾಮಿಯನ್ನು ಸೆಳೆಯುತ್ತವೆ. ಸೋಮು, ಶಂಕರ ಮತ್ತು ಸ್ಯಾಮ್ಯುಯೆಲ್ ಒಂದಾಗಿ ಸ್ವಾಮಿಯೊಡನೆ ಮಾತು ಬಿಡುತ್ತಾರೆ, ರಾಜಂನ ಬಾಲವೆಂದು ಅವನನ್ನು ಹಂಗಿಸುತ್ತಾರೆ. ಸೋಮು, ಶಂಕರರ ಕೋಪ ಸ್ವಾಮಿಗೆ ಅಷ್ಟಾಗಿ ತಾಗಿರಲಾರದು. ಜೊತೆಯಲ್ಲಿ ನಗುತ್ತಿದ್ದವನೇ ನೋಡಿಯೂ ನೋಡದವನಂತೆ ಹೋದರೆ ಆಗುವ ನೋವು ಬೇರೆಯ ಬಗೆಯದು. ಕಡೆಗೆ ರಾಜಂ ಎಲ್ಲರನ್ನೂ ತನ್ನ ಮನೆಗೆ ಕರೆದು ರಾಜಿ ಮಾಡಿಸುತ್ತಾನೆ. ಆದರೆ ಮೊದಲ ಪುಟದ ಆ ನಗು ಅದೇ ರೂಪದಲ್ಲಿ ಮತ್ತೆ ಬರುವುದಿಲ್ಲ.

ಕಥೆ ಬೇರೆ ದಾರಿ ಹಿಡಿಯುತ್ತದೆ. 1930ರ ಆಗಸ್ಟ್ 15ರಂದು (ಆ ದಿನಾಂಕದ ಮುಂದಿನ ಭಾಗ್ಯವನ್ನು ನಾರಾಯಣರು ಆಗ ಹೇಗೆ ತಾನೆ ಊಹಿಸಿಯಾರು!) ಸರಯೂ ನದಿಯ ದಡದಲ್ಲಿ ಸಭೆ ಸೇರುತ್ತದೆ, ಸ್ವಾಮಿ ಶಾಲೆಯ ಗಾಜು ಒಡೆಯುತ್ತಾನೆ, ಶಾಲೆ ಬಿಡುತ್ತಾನೆ, ಕ್ರಿಕೆಟ್ ತಂಡ ಹುಟ್ಟಿಕೊಳ್ಳುತ್ತದೆ. ಕೊನೆಯ ದೃಶ್ಯದಲ್ಲಿ ರಾಜಂನನ್ನು ಹೊತ್ತ ರೈಲು ಹೊರಡುವಾಗ ಸ್ವಾಮಿ ಮತ್ತು ಮಣಿ ನಿಲ್ದಾಣದಲ್ಲಿ ನಿಂತಿರುತ್ತಾರೆ. ಮುನಿದ ಗೆಳೆಯನ ಒಂದು ಮಾತಿಗಾಗಿ ಸ್ವಾಮಿ ಹಂಬಲಿಸುತ್ತಾನೆ. ಆ ಪುಟವನ್ನು ಓದುವಾಗಲೆಲ್ಲ ನನಗೆ ಬಟಾಣಿಯ ನೆನಪು ಬರುತ್ತದೆ.

ಶಂಕರನಾಗ್ ಅವರು ಆಗುಂಬೆಯ ದೊಡ್ಡಮನೆಯಲ್ಲಿ ಚಿತ್ರೀಕರಿಸಿದ ದೂರದರ್ಶನದ 'ಮಾಲ್ಗುಡಿ ಡೇಸ್' ನೋಡಿದವರನ್ನು ಕೇಳಿ ನೋಡಿ. ಸ್ವಾಮಿ, ಮಣಿ, ರಾಜಂ ಎಂದು ಥಟ್ಟನೆ ಹೇಳುತ್ತಾರೆ. ಯಾದವಗಿರಿಯಲ್ಲಿ ನಾರಾಯಣರ ಮನೆ 2011ರಲ್ಲಿ ನೆಲಸಮವಾಗುವುದರಿಂದ ಪಾರಾಗಿ 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಲ್ಲಿ ನಾನೂ ಒಂದಿಬ್ಬರು ಸಂದರ್ಶಕರನ್ನು ಕೇಳಿ ನೋಡಿದೆ. ಸ್ಯಾಮ್ಯುಯೆಲ್ ಯಾರಿಗೂ ನೆನಪಿರಲಿಲ್ಲ.

ಅವರನ್ನು ಆಕ್ಷೇಪಿಸುವ ಹಕ್ಕು ನನಗಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ತರಗತಿಯ ಮೂರನೆಯ ಬೆಂಚಿನಲ್ಲಿ ಇಂಥದೇ ಜೋಡಿಯೊಂದಿತ್ತು. ಒಬ್ಬ ಕುಳ್ಳ, ಮಾತೇ ಆಡದವನು. ಇನ್ನೊಬ್ಬನೂ ಹೆಚ್ಚು ಕಡಿಮೆ ಹಾಗೆಯೇ. ಒಂದು ಮಧ್ಯಾಹ್ನ ನಾಲ್ಕನೆಯ ಮೈಸೂರು ಯುದ್ಧದ ಪಾಠ ಮಾಡುತ್ತಿದ್ದೆ. ಜನರಲ್ ಹ್ಯಾರಿಸನ ಸೇನೆ ವೆಲ್ಲೂರಿನಿಂದ ಹೊರಟ ಘಟ್ಟಕ್ಕೆ ಬಂದಾಗ ಇವರಿಬ್ಬರೂ ಬಾಯಿಗೆ ಕೈ ಅಡ್ಡವಿಟ್ಟು ನಗತೊಡಗಿದರು. ಕಾರಣ ಕೇಳಿದರೆ ಇಬ್ಬರೂ ನೆಲ ನೋಡಿದರು. ಸಿಟ್ಟಿನಿಂದ ಒಬ್ಬನನ್ನು ಮುಂದಿನ ಬೆಂಚಿಗೂ ಇನ್ನೊಬ್ಬನನ್ನು ಕೊನೆಯ ಸಾಲಿಗೂ ಕಳಿಸಿದೆ. ವರ್ಷ ಮುಗಿಯುವವರೆಗೂ ಆ ಏರ್ಪಾಡನ್ನು ಬದಲಿಸಲಿಲ್ಲ. ಬದಲಿಸಬೇಕೆಂಬುದು ಹೊಳೆಯಲೇ ಇಲ್ಲ.

ಇಪ್ಪತ್ತು ವರ್ಷಗಳಾದ ಮೇಲೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಒಬ್ಬರು ಕಾಲು ಮುಟ್ಟಿ ನಮಸ್ಕರಿಸಿದರು. ಆ ಕುಳ್ಳ ಹುಡುಗ. ಹೆಸರು ನೆನಪಾಗಲಿಲ್ಲ, ಹಾಜರಿ ಸಂಖ್ಯೆ ನೆನಪಾಯಿತು, ಹದಿನೇಳು. ಆ ದಿನ ಯಾಕೆ ನಕ್ಕಿರಪ್ಪಾ ಎಂದು ಕೇಳಿದೆ. ಅವನು ಸಂಕೋಚದಿಂದಲೇ ಹೇಳಿದ: "ಗೋಡೆಯ ಭೂಪಟದ ಮೇಲೆ ಒಂದು ಹಲ್ಲಿ ಇತ್ತು ಸಾರ್. ತಾವು ಸೇನೆ ಹೊರಟಿತು ಅಂದಾಗಲೇ ಅದೂ ವೆಲ್ಲೂರಿಂದ ಹೊರಟಿತು. ತಾವು ನಮ್ಮನ್ನು ಎಬ್ಬಿಸಿ ನಿಲ್ಲಿಸುವ ಹೊತ್ತಿಗೆ ಶ್ರೀರಂಗಪಟ್ಟಣ ಸೇರಿಬಿಟ್ಟಿತ್ತು."

ಇಬ್ಬರೂ ನಕ್ಕೆವು. ನಿನ್ನ ಜೊತೆಗಾರ ಈಗ ಎಲ್ಲಿದ್ದಾನೆ ಎಂದೆ. "ಬೇರೆ ಬೇರೆ ಕೂತ ಮೇಲೆ ಅಷ್ಟಾಗಿ ಮಾತಿರಲಿಲ್ಲ ಸಾರ್. ಆಮೇಲೆ ಅವರ ತಂದೆಗೆ ವರ್ಗವಾಯಿತು" ಎಂದು ಹೇಳಿ, ಮಲ್ಲಿಗೆಯ ಪೊಟ್ಟಣವನ್ನು ಕೈ ಬದಲಿಸಿ ಹಿಡಿದುಕೊಂಡ.

ಆ ತರಗತಿಯವರು ಕೆಲವರಾದರೂ ಈ ಪುಟಗಳನ್ನು ಓದುತ್ತೀರೆಂದು ಬಲ್ಲೆ. ಹಲ್ಲಿಯನ್ನು ಕಂಡ ಆ ಎರಡನೆಯವನ ವಿಳಾಸ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ನನಗೊಂದು ಸಾಲು ಬರೆಯಿರಿ. ಹದಿನೇಳನೆಯವನಿಗೆ ತಲುಪಿಸುತ್ತೇನೆ.