ಪ್ರಸ್ಥಭೂಮಿ

ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿದ್ದು, ಮೇಲ್ಭಾಗ ಹೆಚ್ಚುಕಡಿಮೆ ಸಮತಟ್ಟಾಗಿರುವ ಭೂರೂಪ. ದಖ್ಖನ್ ಪ್ರಸ್ಥಭೂಮಿಯಂತೆ ಹಲವು ರಾಜ್ಯಗಳಿಗೆ ಹರಡಿರಬಹುದು, ಒಂದೇ ಗುಡ್ಡದ ನೆತ್ತಿಯಷ್ಟು ಕಿರಿದಾಗಿಯೂ ಇರಬಹುದು.

ಕಿರಿದಾದ ಬಗೆಗೆ ಗದಗ ಜಿಲ್ಲೆಯಲ್ಲಿ ಉದಾಹರಣೆ ಸಿಗುತ್ತದೆ. ಅಲ್ಲಿನ ಜಕ್ಕಲಿ ಎರೆಮಣ್ಣಿನ ಬಯಲಿನ ಊರು. ಅದರ ಪೂರ್ವಕ್ಕೆ ಗಜೇಂದ್ರಗಡ, ಪಶ್ಚಿಮಕ್ಕೆ ನರಗುಂದ. ಎರಡೂ ಕಡೆ ಗುಡ್ಡದ ಮೇಲೆ ಕೋಟೆ. ಗಜೇಂದ್ರಗಡದ ಗುಡ್ಡ ಕಲಾದಗಿ ಶಿಲಾವರ್ಗದ ಮರಳುಗಲ್ಲಿನದು. ಪದರಗಳು ಬಹುತೇಕ ಅಡ್ಡವಾಗಿಯೇ ಉಳಿದಿರುವುದರಿಂದ ನೆತ್ತಿ ಚಪ್ಪಟೆ. ಅಂಚಿನ ಕಲ್ಲು ಸೀಳುಗುಂಟ ಕಳಚಿ ಬೀಳುವುದರಿಂದ ಪಕ್ಕ ಕಡಿದಾದ ಗೋಡೆ. ಮೇಲೆ ಬಿದ್ದ ಮಳೆ ಇದೇ ಸೀಳುಗಳಲ್ಲಿ ಇಳಿದು ಬುಡದಲ್ಲಿ ಒಸರುತ್ತದೆ. ಗುಡ್ಡದ ಒಡಲಲ್ಲಿರುವ ಕಾಲಕಾಲೇಶ್ವರ ದೇವಾಲಯದ ಅಂತರಗಂಗೆ ಎಂಬ ಒರತೆ ಬರದ ನಾಡಿಗೆ ದೊಡ್ಡ ವರ. ಮರಾಠರು, ನಿಜಾಮ ಹಾಗೂ ಟಿಪ್ಪು ಸುಲ್ತಾನನ ನಡುವಿನ 1787ರ ಒಪ್ಪಂದಕ್ಕೆ ಗಜೇಂದ್ರಗಡದ್ದೇ ಹೆಸರು. ನರಗುಂದದ ಕೋಟೆ 1858ರಲ್ಲಿ ಅಲ್ಲಿನ ಅರಸ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದ ಬಂಡಾಯದ ನೆಲೆಯಾಗಿತ್ತು. ಗಜೇಂದ್ರಗಡದ ಗುಡ್ಡಸಾಲಿನಲ್ಲಿ ಈಗ ಗಾಳಿಯಂತ್ರಗಳು ತಿರುಗುತ್ತಿವೆ.

ಪ್ರಸ್ಥಭೂಮಿ ಎಂಬುದು ಪಠ್ಯಪುಸ್ತಕದ ಸಂಸ್ಕೃತ ಪದ. ಜನರ ಮಾತಿನಲ್ಲಿ ಅಳತೆಗೊಂದು ಹೆಸರಿದೆ: ತುಸು ಉಬ್ಬಿದ ನೆಲ ದಿಬ್ಬ ಇಲ್ಲವೆ ದಿನ್ನೆ, ಎತ್ತರದ ಬಯಲು ಮಾಳ. ಮಂಗಳೂರು, ಕಾಸರಗೋಡು ಕಡೆಯ ಮುರಕಲ್ಲಿನ ಚಪ್ಪಟೆ ಗುಡ್ಡಕ್ಕೆ ಪದವು ಎನ್ನುತ್ತಾರೆ. ಮಂಗಳೂರಿನ ಪದವಿನಂಗಡಿ ಎಂಬ ಸ್ಥಳದ ಹೆಸರಿನಲ್ಲಿರುವುದೂ ಇದೇ ಮಾತು. ಈ ಮುರಕಲ್ಲಿನ ಗುಡ್ಡದ ಹುಟ್ಟು ಗಜೇಂದ್ರಗಡದ ಗುಡ್ಡಕ್ಕಿಂತ ಬೇರೆ: ಮಳೆನೀರು ಬಂಡೆಯ ಸಿಲಿಕಾವನ್ನು ತೊಳೆದೊಯ್ದಾಗ ಕಬ್ಬಿಣ, ಅಲ್ಯೂಮಿನಿಯಂ ಅಂಶ ಉಳಿದು ಗಟ್ಟಿಯಾಗಿ ನೆತ್ತಿಯನ್ನು ಕಾಯುತ್ತದೆ.

ಬಹುತೇಕ ಪದವುಗಳು ಮಳೆಗಾಲದಲ್ಲಿ ಹೂಹುಲ್ಲಿನಿಂದ ತುಂಬುತ್ತವೆ. ಅವನ್ನು ಬರಡು ಎಂದು ಬರೆಯುವುದು ಸರಿಯಲ್ಲ.